ಸೈಟ್ ನೋಡುವುದು ಹೇಗೆ: ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗೆ

ವಿದ್ಯಾರ್ಥಿಗಳ ವಿನ್ಯಾಸಗಳನ್ನು ಪರಿಶೀಲಿಸುವ ಜೂರಿಯಲ್ಲಿ ಕೂತಾಗ ನಾನು ಮೊದಲು ನೋಡುವುದು ಸೈಟ್ ಅನಾಲಿಸಿಸ್ ಶೀಟನ್ನು, ಅಂದರೆ ಕಟ್ಟಬೇಕಾದ ಜಾಗದ ಬಗ್ಗೆ ತಿಳಿದದ್ದನ್ನೆಲ್ಲ ಬಿಡಿಸಿದ ಹಾಳೆಯನ್ನು. ಎಲ್ಲರದೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಹಳದಿಯಲ್ಲಿ ಸೂರ್ಯನ ದಾರಿ, ನೀಲಿ ಬಾಣದಲ್ಲಿ ಗಾಳಿ, ರಸ್ತೆ ಕಡೆಯಿಂದ ಅಲೆಅಲೆಯಾಗಿ ಬರುವ ಕೆಂಪು ಶಬ್ದ, ಮರಗಳಿಗೆ ಹಸಿರು ವೃತ್ತ. ನೋಡಲು ಚಂದ. ಆಮೇಲೆ ನಾನು ಕೇಳುವುದು ಒಂದೇ ಪ್ರಶ್ನೆ: "ಈ ಶೀಟನ್ನು ಗೋಡೆಯಿಂದ ತೆಗೆದುಬಿಟ್ಟರೆ ನಿನ್ನ ಪ್ಲಾನ್‌ನಲ್ಲಿ ಯಾವ ಗೆರೆ ಬದಲಾಗುತ್ತದೆ?"

ಹೆಚ್ಚಿನವರು ಒಮ್ಮೆ ಶೀಟ್ ನೋಡುತ್ತಾರೆ, ಒಮ್ಮೆ ಪ್ಲಾನ್ ನೋಡುತ್ತಾರೆ, ಸುಮ್ಮನಾಗುತ್ತಾರೆ. ಇವರು ಸೋಮಾರಿಗಳಲ್ಲ. ಬಿಸಿಲಲ್ಲಿ ದಿನವಿಡೀ ಓಡಾಡಿದ್ದಾರೆ, ನೂರಾರು ಫೋಟೊ ತೆಗೆದಿದ್ದಾರೆ, ಟೇಪ್ ಹಿಡಿದು ಕಾಂಪೌಂಡ್ ಸುತ್ತಿದ್ದಾರೆ. ಆದರೆ ಏನು ತಿಳಿಯಬೇಕು ಅಂತ ಗೊತ್ತು ಮಾಡಿಕೊಳ್ಳದೆ ಹೋಗಿದ್ದಾರೆ. ಹಾಗೆ ಹೋದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆಯೇ.

ನಾನು ಒಂದು ಚಿಕ್ಕ ಆಫೀಸ್ ನಡೆಸುತ್ತೇನೆ, ವಾರಕ್ಕೆ ಕೆಲವು ದಿನ ಸ್ಟುಡಿಯೊ ಪಾಠ ಮಾಡುತ್ತೇನೆ. ಎರಡೂ ಕಡೆ ನನ್ನ ನಿಯಮ ಒಂದೇ. ಗೆರೆ ಬದಲಿಸದ ಮಾಹಿತಿಗೆ ಸಮಯ ಕೊಡಬೇಡಿ. ಗೆರೆ ಬದಲಿಸುವಂಥದ್ದಾದರೆ ಎರಡು ಸಲ ಅಳೆಯಿರಿ.

ಹೊರಡುವ ಮೊದಲೇ ಊಹೆ ಬರೆಯಿರಿ

ಸೈಟ್ ನೋಡುವ ಮೊದಲೇ ಸೈಟ್ ಬಗ್ಗೆ ಬರೆಯಿರಿ ಅಂದರೆ ವಿದ್ಯಾರ್ಥಿಗಳು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ಆದರೆ ನನ್ನ ಇಡೀ ಪದ್ಧತಿ ನಿಂತಿರುವುದೇ ಇದರ ಮೇಲೆ. ಒಂದು ಹಾಳೆ ತಗೊಳ್ಳಿ, ನಡುವೆ ಗೆರೆ ಎಳೆಯಿರಿ. ಎಡಕ್ಕೆ ನಿಮ್ಮ ಊಹೆ. ನೀರು ಈ ಮೂಲೆಯಿಂದ ಬಂದು ಆ ಮೂಲೆಗೆ ಹೋಗುತ್ತದೆ. ಜನ ಈ ಗೇಟಿನಿಂದ ಒಳಗೆ ಬರುತ್ತಾರೆ. ಸಂಜೆ ಬಿಸಿಲು ಪಕ್ಕದ ಕಟ್ಟಡಕ್ಕೆ ತಡೆದು ನಿಲ್ಲುತ್ತದೆ. ಬಲಗಡೆ ಖಾಲಿ ಬಿಡಿ, ಸೈಟ್‌ನಲ್ಲಿ ನಿಂತು ತುಂಬಿಸಲು.

ಊಹೆ ತಪ್ಪಾದ ಜಾಗದಲ್ಲೇ ನಿಮಗೆ ಹೊಸದೇನೋ ಸಿಗುತ್ತದೆ. ಊಹೆಯೇ ಇಲ್ಲದಿದ್ದರೆ ಕಣ್ಣೆದುರು ಇರುವುದೆಲ್ಲ ಸಹಜ ಅನ್ನಿಸುತ್ತದೆ, ಯಾವುದೂ ಅಚ್ಚರಿ ಹುಟ್ಟಿಸುವುದಿಲ್ಲ.

ಈ ಊಹೆಗೆ ಬೇಕಾದ ಮುಕ್ಕಾಲು ಪಾಲು ವಿಷಯ ಕೂತ ಜಾಗದಲ್ಲೇ ಸಿಗುತ್ತದೆ. ಆದರೆ ಯಾವ ಮೂಲ ಯಾವುದಕ್ಕೆ ಲಾಯಕ್ಕು ಅನ್ನುವುದು ಗೊತ್ತಿರಬೇಕು. ಅದನ್ನು ಹೇಳಿಕೊಡುವವರು ಕಡಿಮೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಗೂಗಲ್ ಅರ್ತ್‌ನ ಕಂಪ್ಯೂಟರ್ ಆವೃತ್ತಿಯಲ್ಲಿ ಹಳೆಯ ಉಪಗ್ರಹ ಚಿತ್ರಗಳನ್ನು ನೋಡುವ ಗುಂಡಿ ಇದೆ. ಅದನ್ನು ಹಿಂದಕ್ಕೆ ಎಳೆಯುತ್ತಾ ಹೋಗಿ. ಸೈಟ್ ಮೊದಲು ಏನಾಗಿತ್ತು? ಕೆರೆ ಅಂಗಳವಾ, ಹೊಲವಾ, ಯಾರೋ ಮಣ್ಣು ತಂದು ಸುರಿದ ಗುಂಡಿಯಾ? ಮಣ್ಣು ತುಂಬಿದ ಜಾಗ ಅಂತ ಗೊತ್ತಾದರೆ ನಿಮ್ಮ ಪಾಯದ ಯೋಚನೆಯೇ ಬೇರೆ ಆಗುತ್ತದೆ. ಮಳೆಗಾಲದ ಚಿತ್ರ ಮತ್ತು ಬೇಸಿಗೆಯ ಚಿತ್ರ ಎರಡನ್ನೂ ಹುಡುಕಿ. ಗೂಗಲ್‌ನಲ್ಲಿ ಸಿಗದಿದ್ದರೆ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಅದರಲ್ಲಿ ಒಂದು ಚುಕ್ಕಿ ಅಂದರೆ ನೆಲದ ಮೇಲೆ 10 ಮೀಟರ್. ಮನೆ ಗುರುತಿಸಲು ಆಗುವುದಿಲ್ಲ. ಆದರೆ ಯಾವ ತಿಂಗಳಲ್ಲಿ ಸುತ್ತಮುತ್ತ ಹಸಿರು, ಯಾವಾಗ ನೀರು ನಿಂತಿತ್ತು ಅನ್ನುವುದು ತಿಳಿಯುತ್ತದೆ.

ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಇಂಟರ್ನೆಟ್ ನಕ್ಷೆ 2004ರಲ್ಲಿ ಶುರುವಾದದ್ದು. ಯಾರು ಬೇಕಾದರೂ ಅದನ್ನು ತಿದ್ದಬಹುದು. ರಸ್ತೆ, ಕಟ್ಟಡಗಳ ಗೆರೆಗಳನ್ನು ಅದರಿಂದ ಇಳಿಸಿಕೊಂಡರೆ ಬೇಸ್ ಮ್ಯಾಪ್ ಬಿಡಿಸುವ ಕೆಲಸ ಎಷ್ಟೋ ಉಳಿಯುತ್ತದೆ. ಆದರೆ ಬಿಡಿಸಿದವರು ನಿಮ್ಮ ಹಾಗೆಯೇ ಯಾರೋ ಒಬ್ಬರು, ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆದವರು. ಸೂರಿನ ಅಂಚನ್ನೇ ಗೋಡೆ ಅಂದುಕೊಂಡಿರಬಹುದು. ಹಾಗಾಗಿ ಸುತ್ತಲಿನ ಬೀದಿಗಳಿಗೆ ಅದು ಸಾಕು, ನಿಮ್ಮ ಪ್ಲಾಟ್‌ನ ಗಡಿಗೆ ಸಾಲದು. ಗಡಿಗೆ ಸರ್ವೆ ನಕ್ಷೆಯೇ ಬೇಕು.

ಎತ್ತರದ ವಿಷಯಕ್ಕೆ ಬಂದರೆ ವಿದ್ಯಾರ್ಥಿಗಳು ತುಂಬಾ ಮೋಸ ಹೋಗುತ್ತಾರೆ. ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುವ ಕಾಂಟೂರ್‌ಗಳು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ಬಹಳ ಸಲ ಎಸ್‌ಆರ್‌ಟಿಎಂ ಅನ್ನುವ ದತ್ತಾಂಶದಿಂದ ಬಂದವು. 2000ನೇ ಇಸವಿಯ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರಾಡಾರ್ ಹೊತ್ತು ಭೂಮಿ ಸುತ್ತಿ ಅಳೆದದ್ದು ಅದು. ಒಂದು ಚುಕ್ಕಿಗೂ ಇನ್ನೊಂದು ಚುಕ್ಕಿಗೂ ಸುಮಾರು 30 ಮೀಟರ್ ಅಂತರ. ರಾಡಾರ್‌ಗೆ ದಟ್ಟ ಮರದ ತಲೆಯೂ ಒಂದೇ, ಕಟ್ಟಡದ ಚಾವಣಿಯೂ ಒಂದೇ. ಅಂಥ ಕಡೆ ಅದು ಹೇಳುವುದು ನೆಲದ ಎತ್ತರವನ್ನಲ್ಲ. ಈಗ ನಿಮ್ಮ ಸೈಟ್ 40 ಮೀಟರ್ ಉದ್ದ ಅಂದುಕೊಳ್ಳಿ. ಆ ಉದ್ದದಲ್ಲಿ ಬೀಳುವುದು ಒಂದೆರಡು ಚುಕ್ಕಿ. ಅದರಿಂದ ಅರ್ಧ ಮೀಟರಿಗೊಂದು ಕಾಂಟೂರ್ ಎಳೆದು ತಂದು ತೋರಿಸುತ್ತಾರೆ! ಆ ಗೆರೆಗಳನ್ನು ಸಾಫ್ಟ್‌ವೇರ್ ಸುಮ್ನೆ ನಡುವೆ ತುಂಬಿಸಿದ್ದು. ಸುತ್ತಲಿನ ಒಂದೆರಡು ಕಿಲೋಮೀಟರ್‌ನಲ್ಲಿ ನೀರು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಅನ್ನುವುದಕ್ಕೆ ಮಾತ್ರ ಈ ದತ್ತಾಂಶ ಬಳಸಿ. ಕ್ಯೂಜಿಐಎಸ್ ಅನ್ನುವ ನಕ್ಷೆಯ ಸಾಫ್ಟ್‌ವೇರ್ ಉಚಿತ, ಅದರಲ್ಲಿ ತೆರೆದು ನೋಡಬಹುದು.

ಹವಾಮಾನಕ್ಕೆ ಇಪಿಡಬ್ಲ್ಯೂ ಅನ್ನುವ ಫೈಲ್‌ಗಳು ಸಿಗುತ್ತವೆ. ವರ್ಷದ 8,760 ಗಂಟೆಗೂ ಒಂದೊಂದು ಸಾಲು: ಉಷ್ಣತೆ, ತೇವ, ಬಿಸಿಲು, ಗಾಳಿ. ಒಳ್ಳೆಯ ಮಾಹಿತಿಯೇ. ಆದರೆ ಗಾಳಿಯ ಅಳತೆ ಹೆಚ್ಚಾಗಿ ಬರುವುದು ವಿಮಾನ ನಿಲ್ದಾಣದಂಥ ಬಯಲಿನಿಂದ, ಅದೂ ನೆಲದಿಂದ 10 ಮೀಟರ್ ಎತ್ತರದಲ್ಲಿ ಅಳೆದದ್ದು. ನಿಮ್ಮ ಸೈಟ್ ನಾಲ್ಕು ಮಹಡಿ ಕಟ್ಟಡಗಳ ನಡುವಿನ ಓಣಿಯಲ್ಲಿದ್ದರೆ ಅಲ್ಲಿನ ಗಾಳಿಗೆ ಆ ನೀಲಿ ಬಾಣ ಗೊತ್ತೇ ಇಲ್ಲ. ಯಾವ ತಿಂಗಳಲ್ಲಿ ಯಾವ ದಿಕ್ಕಿನ ಗಾಳಿ ಅನ್ನುವುದನ್ನು ಫೈಲ್‌ನಿಂದ ತಗೊಳ್ಳಿ. ಅದು ನಿಮ್ಮ ಗೋಡೆಯ ಹತ್ತಿರ ಹೇಗೆ ತಿರುಗುತ್ತದೆ ಅನ್ನುವುದನ್ನು ಸೈಟ್‌ನಲ್ಲಿ ಒಂದು ದಾರಕ್ಕೆ ತೆಳು ಪ್ಲಾಸ್ಟಿಕ್ ಪಟ್ಟಿ ಕಟ್ಟಿ ನೋಡಿ.

ಸೂರ್ಯನನ್ನು ಅಳೆಯಲು ಸೈಟ್‌ಗೆ ಹೋಗಲೇಬೇಕಾಗಿಲ್ಲ, ಲೆಕ್ಕ ಹಾಕಬಹುದು. ಮಧ್ಯಾಹ್ನದ ಸೂರ್ಯನ ಎತ್ತರ ಬೇಕಾದರೆ 90ರಿಂದ ನಿಮ್ಮ ಅಕ್ಷಾಂಶ ಕಳೆಯಿರಿ. ಉತ್ತರಾರ್ಧಗೋಳದಲ್ಲಿ ಜೂನ್ ಕೊನೆಯ ವಾರಕ್ಕೆ ಅದಕ್ಕೆ 23.5 ಕೂಡಿಸಿ, ಡಿಸೆಂಬರ್ ಕೊನೆಯ ವಾರಕ್ಕೆ 23.5 ಕಳೆಯಿರಿ. 15 ಡಿಗ್ರಿ ಉತ್ತರದಲ್ಲಿರುವ ಸೈಟ್‌ಗೆ ಡಿಸೆಂಬರ್‌ನಲ್ಲಿ 51.5 ಡಿಗ್ರಿ ಬರುತ್ತದೆ. ಜೂನ್‌ಗೆ 98.5. ಅಂದರೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗಿದ್ದಾನೆ! ದಕ್ಷಿಣಕ್ಕೆ ಮಾತ್ರ ನೆರಳು ಕೊಟ್ಟು ಉತ್ತರಕ್ಕೆ ಪೂರ್ತಿ ಗಾಜು ಹಾಕಿದ ಪ್ಲಾನ್‌ಗಳನ್ನು ನಾನು ತುಂಬಾ ನೋಡಿದ್ದೇನೆ. ಆ ಪಾಠ ತಣ್ಣನೆಯ ದೇಶಗಳಿಗೆ ಬರೆದದ್ದು. ಉಷ್ಣವಲಯದಲ್ಲಿ ಎರಡೂ ಕಡೆ ಯೋಚಿಸಬೇಕು. ಇನ್ನೊಂದು ವಿಷಯ. ಗಡಿಯಾರದ 12 ಗಂಟೆ ಸೂರ್ಯನ ಮಧ್ಯಾಹ್ನ ಆಗಿರಬೇಕೆಂದಿಲ್ಲ. ದೇಶದ ಸಮಯ ಯಾವ ರೇಖಾಂಶಕ್ಕೆ ಕಟ್ಟಿದೆಯೋ ಅದರಿಂದ ಒಂದೊಂದು ಡಿಗ್ರಿ ದೂರ ಹೋದಂತೆ 4 ನಿಮಿಷ ವ್ಯತ್ಯಾಸ. ಅದರ ಮೇಲೆ ಋತುವಿಗೆ ತಕ್ಕಂತೆ ಇನ್ನೂ 16 ನಿಮಿಷದವರೆಗೆ ಹಿಂದೆ ಮುಂದೆ ಆಗಬಹುದು. ನೆರಳಿನ ಫೋಟೊಗೆ ಸಮಯ ಬರೆಯುವಾಗ ಇದು ನೆನಪಿರಲಿ.

ನಿಯಮಗಳ ಬಗ್ಗೆ ಉದ್ದಕ್ಕೆ ಹೇಳುವುದಿಲ್ಲ. ಸೆಟ್‌ಬ್ಯಾಕ್ (ಗಡಿಯಿಂದ ಖಾಲಿ ಬಿಡಬೇಕಾದ ಜಾಗ), ಎಫ್‌ಎಆರ್ (ಪ್ಲಾಟ್‌ನ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಮಹಡಿ ವಿಸ್ತೀರ್ಣ ಕಟ್ಟಬಹುದು ಅನ್ನುವ ಲೆಕ್ಕ), ಎತ್ತರದ ಮಿತಿ, ರಸ್ತೆ ಅಗಲ, ನೀರಿನ ಕಾಲುವೆಯಿಂದ ಬಿಡಬೇಕಾದ ದೂರ. ಇಷ್ಟನ್ನು ಅಲ್ಲಿನ ಸ್ಥಳೀಯ ಸಂಸ್ಥೆಯ ಕಟ್ಟಡ ನಿಯಮದಲ್ಲಿ ನೋಡಿ, ಮೊದಲೇ ಪ್ಲಾನ್ ಮೇಲೆ ಗೆರೆ ಎಳೆದಿಟ್ಟುಕೊಳ್ಳಿ. ಕಟ್ಟಲು ಬಿಡದ ಪಟ್ಟಿಯಲ್ಲಿ ಮಣ್ಣು ಪರೀಕ್ಷೆ ಮಾಡಿ ಏನು ಪ್ರಯೋಜನ, ಅಲ್ವಾ?

ಕೈಯಲ್ಲಿ ಏನಿರಬೇಕು

ಎ3 ಹಾಳೆಯಲ್ಲಿ 1:200 ಸ್ಕೇಲಿನ ಬೇಸ್ ಪ್ಲಾನ್. ಪ್ಲಾಟ್ ದೊಡ್ಡದಾದರೆ 1:500. ಒಂದೇ ಪ್ರಿಂಟ್ ಸಾಲದು, ವಿಷಯಕ್ಕೊಂದು ಬೇಕು. ನೀರು ಮತ್ತು ಇಳಿಜಾರಿಗೆ ಒಂದು, ಮರಕ್ಕೆ ಒಂದು, ಜನರ ಓಡಾಟಕ್ಕೆ ಒಂದು, ಅಳತೆಗೆ ಒಂದು, ಫೋಟೊ ಗುರುತಿಗೆ ಒಂದು. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಗೀಚಿದರೆ ರಾತ್ರಿ ನಿಮಗೇ ಓದಲು ಬರುವುದಿಲ್ಲ.

ಬೇರೆ ಬೇರೆ ಹಾಳೆಗೆ ಇನ್ನೊಂದು ಕಾರಣವಿದೆ. 1960ರ ದಶಕದಲ್ಲಿ ಭೂದೃಶ್ಯ ವಿನ್ಯಾಸಕ ಇಯಾನ್ ಮೆಕ್‌ಹಾರ್ಗ್ ಮಣ್ಣು, ಇಳಿಜಾರು, ನೀರು, ಕಾಡು, ಒಂದೊಂದಕ್ಕೂ ಒಂದೊಂದು ಪಾರದರ್ಶಕ ಹಾಳೆ ಮಾಡಿ, ಒಂದರ ಮೇಲೊಂದು ಇಟ್ಟು ನೋಡುವ ಪದ್ಧತಿಯನ್ನು ಬಳಕೆಗೆ ತಂದರು. ಎಲ್ಲ ಹಾಳೆಯಲ್ಲೂ ಬಣ್ಣ ಗಾಢವಾಗಿ ಬಿದ್ದ ಜಾಗವನ್ನು ಮುಟ್ಟಬಾರದು. ಎಲ್ಲದರಲ್ಲೂ ತಿಳಿಯಾಗಿ ಉಳಿದ ಜಾಗದಲ್ಲಿ ಕಟ್ಟಬಹುದು. ಇವತ್ತಿನ ಜಿಐಎಸ್, ಅಂದರೆ ಕಂಪ್ಯೂಟರ್ ನಕ್ಷೆಗಳ ಲೇಯರ್‌ಗಳ ಹಿಂದೆ ಇರುವ ಯೋಚನೆಯೂ ಇದೇ. ಕಂಪ್ಯೂಟರ್ ಇಲ್ಲದೆ ಟ್ರೇಸಿಂಗ್ ಪೇಪರ್‌ನಲ್ಲೂ ಮಾಡಬಹುದು, ಕಿಟಕಿ ಗಾಜಿಗೆ ಹಿಡಿದು ನೋಡಿದರೆ ಆಯಿತು.

ಚೀಲದಲ್ಲಿ: 5 ಮೀಟರ್ ಟೇಪ್, 30 ಮೀಟರ್ ಟೇಪ್, ಸೀಮೆಸುಣ್ಣ, ದಾರ, 10 ಮೀಟರ್ ತಿಳಿ ಪ್ಲಾಸ್ಟಿಕ್ ಪೈಪು, ಮುಚ್ಚಳವಿರುವ ಗಾಜಿನ ಬಾಟಲಿ, ಪ್ಯಾಡ್, ಪೆನ್ಸಿಲ್. ಪೆನ್ನು ಬೇಡ, ಬೆವರು ತಾಗಿದರೆ, ಒಂದು ಹನಿ ಮಳೆ ಬಿದ್ದರೆ ಎಲ್ಲ ಹೋಯಿತು. ಲೇಸರ್ ಮೀಟರ್ ಇದ್ದರೆ ಕಟ್ಟಡದ ಒಳಗೆ ಬಹಳ ಉಪಯೋಗ. ಹೊರಗಿನ ಬಿಸಿಲಲ್ಲಿ ಅದರ ಕೆಂಪು ಚುಕ್ಕಿ ಕಾಣಿಸುವುದೇ ಇಲ್ಲ, ಅದನ್ನು ಹುಡುಕುತ್ತಾ ನಿಂತರೆ ಟೇಪ್‌ನಲ್ಲಿ ಅಳೆದು ಮುಗಿಯುತ್ತಿತ್ತು.

ಮೊದಲ ಸುತ್ತು ಖಾಲಿ ಕೈ

ಸೈಟ್ ಮುಟ್ಟಿದ ಕೂಡಲೇ ಟೇಪ್ ತೆಗೆಯಬೇಡಿ. ಮೊದಲು ಸ್ವಲ್ಪ ದೂರದಲ್ಲೇ ವಾಹನ ಇಳಿದು ನಡೆದು ಬನ್ನಿ. ಸೈಟ್ ಯಾವ ತಿರುವಿನಲ್ಲಿ ಮೊದಲು ಕಾಣುತ್ತದೆ? ಅಲ್ಲಿಂದ ಕಾಣುವುದು ಯಾವ ಮೂಲೆ? ನಿಮ್ಮ ಕಟ್ಟಡದ ಮುಖ ಯಾವ ಕಡೆಗೆ ಅನ್ನುವುದು ಎಷ್ಟೋ ಸಲ ಇಲ್ಲೇ ತೀರ್ಮಾನವಾಗುತ್ತದೆ, ಪ್ಲಾಟ್ ಒಳಗೆ ಕಾಲಿಡುವ ಮೊದಲೇ. ಆಮೇಲೆ ಗಡಿಯುದ್ದಕ್ಕೂ ಒಂದು ಸುತ್ತು, ಮಾತಿಲ್ಲದೆ, ಕ್ಯಾಮೆರಾ ಇಲ್ಲದೆ. ಗುಂಪಿನಲ್ಲಿ ಬಂದವರಿಗೆ ಮಾತಿಲ್ಲದೆ ನಡೆಯುವುದು ಕಷ್ಟ, ಗೊತ್ತು. ಆದರೂ ಮಾಡಿಸುತ್ತೇನೆ. ಸುತ್ತು ಮುಗಿದ ಮೇಲೆ ಎಲ್ಲರೂ ಬೇರೆ ಬೇರೆ ಕೂತು ನೆನಪಿನಿಂದ ಸೈಟ್ ಪ್ಲಾನ್ ಬಿಡಿಸಬೇಕು. ಐದು ಜನ ಬಿಡಿಸಿದ ಪ್ಲಾನ್‌ಗಳಲ್ಲಿ ಐದರಲ್ಲೂ ಬಂದಿರುವ ವಸ್ತು ಆ ಜಾಗದ ಗುರುತು. ಯಾರೂ ಬಿಡಿಸದೆ ಬಿಟ್ಟ ಮೂಲೆಗೆ ಮತ್ತೆ ಹೋಗಿ ನೋಡಬೇಕು.

ಅಳತೆ

ಹೆಜ್ಜೆ ಲೆಕ್ಕ ಕಲಿಯಿರಿ. 30 ಮೀಟರ್ ಟೇಪ್ ನೆಲಕ್ಕೆ ಹಾಸಿ, ದಿನಾ ನಡೆಯುವ ಹಾಗೆ ನಡೆದು ಎಷ್ಟು ಹೆಜ್ಜೆ ಅಂತ ಎಣಿಸಿ. ಮತ್ತೆ ಮತ್ತೆ ನಡೆದು ಸರಾಸರಿ ತಗೊಳ್ಳಿ. ಬೇಕಂತಲೇ ಒಂದು ಮೀಟರಿನ ಹೆಜ್ಜೆ ಹಾಕಲು ಹೋಗಬೇಡಿ, ಹತ್ತು ಹೆಜ್ಜೆಗೇ ಸುಸ್ತಾಗಿ ಅಳತೆ ಬದಲಾಗುತ್ತದೆ. ಈ ಲೆಕ್ಕ ಇದ್ದರೆ ಪಕ್ಕದ ರಸ್ತೆ, ಎದುರಿನ ಮೈದಾನ ಎಲ್ಲವನ್ನೂ ಟೇಪ್ ಇಲ್ಲದೆ ಅಳೆಯಬಹುದು. ಆ ಅಳತೆಗಳಿಗೆ ಅಷ್ಟು ನಿಖರತೆ ಸಾಕು.

ಗಡಿ, ಇರುವ ಕಟ್ಟಡ, ಉಳಿಸಿಕೊಳ್ಳಬೇಕಾದ ಮರ, ಇವಕ್ಕೆ ಮಾತ್ರ ಟೇಪ್. ಇಲ್ಲಿ ಎರಡು ಅಭ್ಯಾಸ ಮುಖ್ಯ. ಒಂದು, ತ್ರಿಕೋನ. ಸೊಟ್ಟ ಪ್ಲಾಟ್‌ನ ನಾಲ್ಕು ಬದಿ ಅಳೆದು ಬಂದರೆ ಅದನ್ನು ಬಿಡಿಸಲು ಆಗುವುದೇ ಇಲ್ಲ, ಆಕಾರ ಅಲ್ಲಾಡುತ್ತಿರುತ್ತದೆ. ಒಂದು ಕರ್ಣ ಅಳೆದರೆ ಆಕಾರ ಗಟ್ಟಿ. ಎರಡನೇ ಕರ್ಣವನ್ನೂ ಅಳೆದರೆ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮರದ ಜಾಗ ಗುರುತಿಸಲೂ ಇದೇ ಉಪಾಯ. ಕಟ್ಟಡದ ಎರಡು ಮೂಲೆಗಳಿಂದ ಮರಕ್ಕೆ ಎರಡು ಅಳತೆ ಸಾಕು. ಎರಡನೆಯದು, ಒಂದೇ ತುದಿಯಿಂದ ಅಳೆಯುವುದು. ಗೋಡೆಯ ಮೇಲೆ ಕಿಟಕಿ, ಬಾಗಿಲು, ಕಂಬ ಇದ್ದರೆ ಟೇಪ್‌ನ ಸೊನ್ನೆಯನ್ನು ಒಂದು ಮೂಲೆಗೆ ಹಿಡಿದು ಎಲ್ಲವನ್ನೂ ಅಲ್ಲಿಂದಲೇ ಓದಿ. ತುಂಡು ತುಂಡಾಗಿ ಅಳೆದು ಕೂಡಿಸಿದರೆ ಪ್ರತಿ ತುಂಡಿನ ಸಣ್ಣ ತಪ್ಪು ಸೇರಿ ಕೊನೆಗೆ ದೊಡ್ಡದಾಗುತ್ತದೆ. ಲಂಬಕೋನ ಬೇಕಾದರೆ ದಾರದಲ್ಲಿ 3, 4, 5 ಮೀಟರಿನ ತ್ರಿಕೋನ.

ಗೋಡೆಯ ಎತ್ತರಕ್ಕೆ ಇಟ್ಟಿಗೆ ವರಸೆ ಎಣಿಸಿ. ಕೆಳಗಿನ ಹತ್ತು ವರಸೆಯನ್ನು ಟೇಪ್‌ನಲ್ಲಿ ಅಳೆದರೆ ಒಂದು ವರಸೆಯ ಲೆಕ್ಕ ಸಿಕ್ಕಿತು. ಮೆಟ್ಟಿಲಿದ್ದರೆ ಮೆಟ್ಟಿಲು ಎಣಿಸಿ. ಏನೂ ಇಲ್ಲದ ಎತ್ತರದ ಮರಕ್ಕೋ ಕಟ್ಟಡಕ್ಕೋ ಫೋನಿನಲ್ಲಿರುವ ಕೋನ ಅಳೆಯುವ ಆ್ಯಪ್ ಹಿಡಿದು ಹಿಂದೆ ಹಿಂದೆ ಹೋಗಿ. ಫೋನಿನ ಅಂಚಿನುದ್ದಕ್ಕೆ ನೋಡಿದಾಗ ತುದಿ 45 ಡಿಗ್ರಿಗೆ ಕಂಡ ಕಡೆ ನಿಲ್ಲಿ. ನೆಲ ಸಮತಟ್ಟಾಗಿದ್ದರೆ, ಬುಡದಿಂದ ನೀವು ನಿಂತ ದೂರಕ್ಕೆ ನಿಮ್ಮ ಕಣ್ಣಿನ ಎತ್ತರ ಕೂಡಿಸಿದರೆ ಅದೇ ಎತ್ತರ.

ನೆಲದ ಏರಿಳಿತಕ್ಕೆ ನೀರು ತುಂಬಿದ ಪೈಪಿಗಿಂತ ಅಗ್ಗದ, ನಂಬಿಕೆಯ ಸಾಧನ ಇನ್ನೊಂದಿಲ್ಲ. ಮೇಸ್ತ್ರಿಗಳು ಲೆವೆಲ್ ನೋಡಲು ಇವತ್ತಿಗೂ ಬಳಸುವುದು ಇದನ್ನೇ. ಪೈಪಿನ ಎರಡೂ ತುದಿ ತೆರೆದಿರಬೇಕು, ಒಳಗೆ ಗಾಳಿ ಗುಳ್ಳೆ ಇರಬಾರದು. ಒಬ್ಬರು ಒಂದು ತುದಿಯನ್ನು ಒಂದು ಗುರುತಿನ ಹತ್ತಿರ ಹಿಡಿಯಬೇಕು, ಇನ್ನೊಬ್ಬರು ಬೇರೆ ಬೇರೆ ಕಡೆ ನಿಂತು ನೀರಿನ ಮಟ್ಟದಿಂದ ನೆಲಕ್ಕೆ ಎಷ್ಟು ಅಂತ ಅಳೆಯಬೇಕು. ಎರಡೂ ಕಡೆಯ ಅಳತೆಯ ವ್ಯತ್ಯಾಸವೇ ನೆಲದ ವ್ಯತ್ಯಾಸ. ಪ್ಲಾಟ್ ಪೂರ್ತಿ ಬೇಡ. ನಾಲ್ಕು ಮೂಲೆ, ನಡುವೆ ಒಂದು, ರಸ್ತೆಯ ಅಂಚು, ಚರಂಡಿಯ ತಳ. ಚರಂಡಿ ತಳವನ್ನು ಮರೆಯುವವರೇ ಜಾಸ್ತಿ. ನಿಮ್ಮ ನೆಲಮಟ್ಟ ಚರಂಡಿಗಿಂತ ಎಷ್ಟು ಮೇಲೆ ಅನ್ನುವುದು ಗೊತ್ತಿಲ್ಲದಿದ್ದರೆ ಕೊಳಚೆ ನೀರು ಹೊರಗೆ ಹೋಗುತ್ತದೋ ಇಲ್ಲವೋ ಹೇಳುವುದು ಹೇಗೆ? ಗಾಲಿಕುರ್ಚಿಯ ಇಳಿಜಾರು 1:12 ಇಡುತ್ತೇನೆ ಅನ್ನುವವರೂ ಇದೇ ಲೆಕ್ಕ ನೋಡಬೇಕು. ರಸ್ತೆಯಿಂದ 60 ಸೆಂಟಿಮೀಟರ್ ಮೇಲೆ ಹೋಗಲು 7.2 ಮೀಟರ್ ಉದ್ದ ಬೇಕು. ಮುಂದಿನ ಜಾಗ ಅಷ್ಟು ಇದೆಯಾ?

ಫೋನಿನ ಜಿಪಿಎಸ್ ತೋರಿಸುವ ಎತ್ತರವನ್ನು ದಯವಿಟ್ಟು ಪ್ಲಾನ್ ಮೇಲೆ ಬರೆಯಬೇಡಿ. ತೆರೆದ ಆಕಾಶದಡಿ ಜಾಗದ ಗುರುತೇ ಸುಮಾರು 5 ಮೀಟರ್ ಆಚೀಚೆ ಇರುತ್ತದೆ, ಎತ್ತರ ಅದಕ್ಕಿಂತ ಕೆಟ್ಟದು. ಮೇಲಾಗಿ ಕೆಲವು ಆ್ಯಪ್‌ಗಳು ಸಮುದ್ರ ಮಟ್ಟದಿಂದ ಅಳೆಯುವುದಿಲ್ಲ, ಗಣಿತದ ಒಂದು ಕಲ್ಪಿತ ಗೋಳದಿಂದ ಅಳೆಯುತ್ತವೆ. ಇವೆರಡರ ನಡುವಿನ ವ್ಯತ್ಯಾಸ ಹಿಂದೂ ಮಹಾಸಾಗರದ ಒಂದು ಕಡೆ 100 ಮೀಟರ್ ದಾಟುತ್ತದೆ. ದಿಕ್ಸೂಚಿಯೂ ಹಾಗೆಯೇ. ಕಾರಿನ ಪಕ್ಕ, ಕಬ್ಬಿಣದ ಗೇಟಿನ ಪಕ್ಕ, ಕಾಂಕ್ರೀಟ್ ಕಂಬದ ಪಕ್ಕ ನಿಂತರೆ ಉತ್ತರ ಎಲ್ಲೆಲ್ಲೋ ಹೋಗುತ್ತದೆ. ಒಂದು ಕೋಲು ನೆಟ್ಟಗೆ ನಿಲ್ಲಿಸಿ, ಬೆಳಿಗ್ಗೆ ಒಮ್ಮೆ ನೆರಳಿನ ತುದಿ ಗುರುತು ಮಾಡಿ. ಕೋಲನ್ನು ನಡುವೆ ಇಟ್ಟು ಆ ಉದ್ದಕ್ಕೆ ದಾರದಲ್ಲಿ ವೃತ್ತ ಎಳೆಯಿರಿ. ಮಧ್ಯಾಹ್ನದ ಮೇಲೆ ನೆರಳು ಮತ್ತೆ ಆ ವೃತ್ತ ಮುಟ್ಟಿದ ಕಡೆ ಇನ್ನೊಂದು ಗುರುತು. ಎರಡು ಗುರುತು ಸೇರಿಸಿದ ಗೆರೆ ಪೂರ್ವ ಪಶ್ಚಿಮ. ಸೈಟ್‌ನಲ್ಲಿ ಇಡೀ ದಿನ ಇರುವವರಿಗೆ ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ನೀರು, ಮಣ್ಣು, ಮರ

ಬೇಸಿಗೆಯಲ್ಲಿ ಹೋದರೂ ಮಳೆಗಾಲವನ್ನು ಓದಬಹುದು. ಗೋಡೆಯ ಕೆಳಗೆ ಕೆಸರು ಸಿಡಿದ ಕಲೆ ಎಷ್ಟು ಎತ್ತರಕ್ಕಿದೆ, ಪಾಚಿ ಎಲ್ಲಿ ಕಪ್ಪಾಗಿ ಒಣಗಿದೆ, ಕಸ ಯಾವ ಮೂಲೆಗೆ ಬಂದು ಸೇರಿದೆ, ಮಣ್ಣು ಎಲ್ಲಿ ಕೊರೆದಿದೆ. ಬೇಲಿಯ ತಂತಿಗೆ ಒಣ ಹುಲ್ಲು ಒಂದೇ ಎತ್ತರದಲ್ಲಿ ಸಿಕ್ಕಿಕೊಂಡಿದ್ದರೆ ನೀರು ಅಷ್ಟು ಬಂದಿತ್ತು ಅಂತಲೇ ಅರ್ಥ. ಈ ಗುರುತುಗಳ ಎತ್ತರವನ್ನು ಟೇಪ್‌ನಲ್ಲಿ ಅಳೆದು ಬರೆಯಿರಿ. ನಿಮ್ಮ ಪ್ಲಿಂತ್, ಅಂದರೆ ಕಟ್ಟಡ ನಿಲ್ಲುವ ಜಗಲಿ, ಎಷ್ಟು ಎತ್ತರ ಅನ್ನುವ ಗೆರೆ ಇದರಿಂದ ನೇರವಾಗಿ ಬದಲಾಗುತ್ತದೆ.

ಬಾಟಲಿ ಇರುವುದು ಮಣ್ಣಿಗೆ. ಮೇಲಿನ ಹುಲ್ಲು ಬೇರು ಇರುವ ಪದರ ಬಿಟ್ಟು ಕೆಳಗಿನ ಮಣ್ಣು ಮೂರನೇ ಒಂದು ಭಾಗ ತುಂಬಿಸಿ, ಮೇಲೆ ನೀರು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದು ನಿಮಿಷದ ಆಸುಪಾಸಿನಲ್ಲಿ ತಳ ಸೇರುತ್ತದೆ. ನುಣುಪು ಹೂಳು ಕೆಲವು ಗಂಟೆ ತಗೊಳ್ಳುತ್ತದೆ. ಜೇಡಿ ಒಂದು ದಿನ, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಪದರಗಳ ದಪ್ಪ ಅಳೆದರೆ ಮಣ್ಣಿನ ಗುಣ ಸುಮಾರಾಗಿ ತಿಳಿಯಿತು. ಇದು ಸಾಯಿಲ್ ರಿಪೋರ್ಟ್‌ಗೆ ಬದಲಿ ಅಲ್ಲ, ಪಾಯದ ಆಳ ಇದರಿಂದ ಹೇಳಬೇಡಿ. ಜೇಡಿ ಜಾಸ್ತಿ ಇದ್ದರೆ ಮಣ್ಣು ನೆನೆದು ಹಿಗ್ಗುತ್ತದೆ, ಒಣಗಿ ಬಿರಿಯುತ್ತದೆ, ಮಳೆನೀರು ಬೇಗ ಇಂಗುವುದಿಲ್ಲ. ಇಂಗುಗುಂಡಿ ಹಾಕಬೇಕೋ ಬೇಡವೋ ಅನ್ನುವ ಯೋಚನೆಗೆ ಇಷ್ಟು ಸಾಕು.

ಮರದ ಸುತ್ತಳತೆಯನ್ನು ಎದೆಯೆತ್ತರದಲ್ಲಿ, ಅಂದರೆ ನೆಲದಿಂದ ಸುಮಾರು 1.3 ಮೀಟರ್‌ನಲ್ಲಿ ಅಳೆಯುತ್ತಾರೆ. ಆದರೆ ಪ್ಲಾನ್‌ಗೆ ಅದಕ್ಕಿಂತ ಮುಖ್ಯ ಕೊಂಬೆಗಳ ಹರವು ಮತ್ತು ಮೊದಲ ಕೊಂಬೆ ಎಷ್ಟು ಎತ್ತರದಲ್ಲಿದೆ ಅನ್ನುವುದು. ಕೆಳಗೆ ಜನ ಓಡಾಡಬಹುದಾ, ಮಾಳಿಗೆಯ ಕಿಟಕಿಗೆ ಎಲೆ ತಾಗುತ್ತದಾ ಅಂತ ಹೇಳುವುದು ಅದೇ. ಕೊಂಬೆಯ ಅಂಚಿನ ಕೆಳಗಿನವರೆಗೂ ಬೇರಿದೆ ಅಂದುಕೊಂಡು ಅಗೆಯುವ ಗೆರೆಯನ್ನು ಅದರಾಚೆಗೆ ಇಡಿ. ಬೇರು ಅದಕ್ಕೂ ಆಚೆ ಹೋಗಿರಬಹುದು.

ಜನ

ವಿದ್ಯಾರ್ಥಿಗಳು ಅತಿ ಕಡಿಮೆ ಸಮಯ ಕೊಡುವುದು ಇದಕ್ಕೆ. ಇಡೀ ದಿನ ಕೂತು ಎಣಿಸಬೇಕಾಗಿಲ್ಲ. ಒಂದು ಜಾಗ ಆರಿಸಿ, ಒಂದು ಕಲ್ಪಿತ ಗೆರೆ ಇಟ್ಟುಕೊಳ್ಳಿ, ಗಂಟೆಗೊಮ್ಮೆ 10 ನಿಮಿಷ ಅದನ್ನು ದಾಟುವವರನ್ನು ಎಣಿಸಿ. ಆರರಿಂದ ಗುಣಿಸಿದರೆ ಗಂಟೆಯ ಲೆಕ್ಕ. ಕೋಪನ್‌ಹೇಗನ್‌ನ ಸ್ಟ್ರೋಯೆಟ್ ಬೀದಿ 1962ರಲ್ಲಿ ಕಾರುಗಳಿಗೆ ಮುಚ್ಚಿದ ಮೇಲೆ ಡೆನ್ಮಾರ್ಕಿನ ಆರ್ಕಿಟೆಕ್ಟ್ ಯಾನ್ ಗೆಲ್ ಅಲ್ಲಿ ಹೀಗೆ ಕಾಗದ ಪೆನ್ಸಿಲ್ ಹಿಡಿದು ಎಣಿಸುತ್ತಾ, ನೋಡುತ್ತಾ ಕಲಿತವರು. ಓಡಾಡುವವರ ಜೊತೆಗೆ ನಿಂತವರು, ಕೂತವರನ್ನೂ ಬೇರೆಯಾಗಿ ಎಣಿಸಿ. ಜನ ಓಡಾಡುವ ಜಾಗವೇ ಬೇರೆ, ನಿಲ್ಲುವ ಜಾಗವೇ ಬೇರೆ.

1970ರ ದಶಕದಲ್ಲಿ ನಗರಗಳ ಬಗ್ಗೆ ಬರೆಯುತ್ತಿದ್ದ ಅಮೆರಿಕದ ವಿಲಿಯಂ ವೈಟ್ ನ್ಯೂಯಾರ್ಕ್‌ನ ಕಟ್ಟಡಗಳ ಮುಂದಿನ ಚೌಕಗಳಿಗೆ ಕ್ಯಾಮೆರಾ ತಿರುಗಿಸಿಟ್ಟು ನೋಡಿದರು. ಬೀದಿಯಲ್ಲಿ ಸಿಕ್ಕವರು ಮಾತಿಗೆ ನಿಲ್ಲುವಾಗ ಪಕ್ಕಕ್ಕೆ ಸರಿಯುತ್ತಾರೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಅವರಿಗೆ ಕಂಡದ್ದು ಉಲ್ಟಾ, ಜನಸಂದಣಿಯ ಮಧ್ಯೆಯೇ ನಿಂತು ಮಾತಾಡುತ್ತಾರೆ. ನೋಡದೆ ಊಹಿಸಿದ್ದರೆ ಇದು ಯಾರಿಗೂ ಹೊಳೆಯುತ್ತಿರಲಿಲ್ಲ. ನಿಮ್ಮ ಸೈಟ್‌ನಲ್ಲಿ ಹುಲ್ಲು ಸವೆದು ಬಿದ್ದಿರುವ ಕಾಲುದಾರಿಗಳನ್ನು ಮೊದಲು ಬಿಡಿಸಿ. ಯಾರ ಅನುಮತಿಯೂ ಇಲ್ಲದೆ ಜನ ಅಲ್ಲೊಂದು ಪ್ಲಾನ್ ಮಾಡಿಬಿಟ್ಟಿದ್ದಾರೆ. ಅದನ್ನು ಮುಚ್ಚುವುದಾದರೆ ಯಾಕೆ ಅಂತ ಹೇಳಲು ನಿಮ್ಮ ಹತ್ತಿರ ಕಾರಣ ಬೇಕು.

ಮಾತಾಡಿಸುವಾಗ ಪ್ರಶ್ನಾವಳಿ ಹಾಳೆ ಹಿಡಿದು ಹೋಗಬೇಡಿ. "ಇಲ್ಲಿ ನೀರಿನ ಸಮಸ್ಯೆ ಇದೆಯಾ?" ಅಂದರೆ "ಇದೆ" ಅನ್ನುತ್ತಾರೆ, ಮಾತು ಮುಗಿಯಿತು. "ಹೋದ ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಬಂದಿತ್ತು?" ಅಂತ ಕೇಳಿ. ಎದ್ದು ಬಂದು ಕೈ ತೋರಿಸುತ್ತಾರೆ. ಹೆಚ್ಚು ಗೊತ್ತಿರುವುದು ಅಲ್ಲೇ ದಿನವಿಡೀ ಇರುವವರಿಗೆ: ಕಾವಲಿನವರು, ಗುಡಿಸುವವರು, ಪಕ್ಕದ ಅಂಗಡಿಯವರು, ಆಡುವ ಮಕ್ಕಳು. ಮೊದಲೇ ಹೇಳಿಬಿಡಿ, ನಾನು ವಿದ್ಯಾರ್ಥಿ, ಇದು ಕಲಿಕೆಗೆ, ಇಲ್ಲಿ ನಿಜವಾಗಿ ಏನೂ ಕಟ್ಟುತ್ತಿಲ್ಲ ಅಂತ. ಜಾಗ ಕಿತ್ತುಕೊಳ್ಳಲು ಬಂದವರು ಅಂತ ಜನ ಹೆದರುವುದುಂಟು. ಸುಳ್ಳು ಆಸೆಯೂ ಹುಟ್ಟಬಾರದು. ಕೇಳದೆ ಯಾರ ಮುಖದ ಫೋಟೊವನ್ನೂ ತೆಗೆಯಬೇಡಿ, ಮಕ್ಕಳದ್ದಂತೂ ಬೇಡವೇ ಬೇಡ.

ಫೋಟೊ

ನೂರಾರು ಫೋಟೊ ತೆಗೆಯುವವರಿಗೆ ನನ್ನ ವಿರೋಧವಿಲ್ಲ, ಎಲ್ಲಿ ನಿಂತು ತೆಗೆದದ್ದು ಅಂತ ಗೊತ್ತಿದ್ದರೆ. ಫೋಟೊ ಹಾಳೆಯ ಮೇಲೆ ನಿಂತ ಜಾಗಕ್ಕೆ ಒಂದು ಸಂಖ್ಯೆ, ನೋಡಿದ ದಿಕ್ಕಿಗೆ ಒಂದು ಬಾಣ. ಗಡಿಯ ನಾಲ್ಕೂ ಮೂಲೆಯಿಂದ ಒಳಗೆ, ನಡುವಿನಿಂದ ನಾಲ್ಕೂ ಕಡೆ ಹೊರಗೆ, ಇಷ್ಟು ಕಡ್ಡಾಯ. ಪ್ರತಿ ಚೌಕಟ್ಟಿನಲ್ಲೂ ಒಬ್ಬ ಮನುಷ್ಯನೋ ಟೇಪೋ ಇರಲಿ, ಅಳತೆ ತಿಳಿಯಲು. ಪನೋರಮಾದಲ್ಲಿ ನೇರ ಗೆರೆಗಳು ಬಾಗುತ್ತವೆ, ಅದರ ಮೇಲೆ ಕಟ್ಟಡ ಕೂರಿಸಿ ತೋರಿಸಲು ಹೋಗಬೇಡಿ. ಪಕ್ಕಪಕ್ಕದ ಫೋಟೊಗಳನ್ನು ಒಂದಿಷ್ಟು ಒಂದರ ಮೇಲೊಂದು ಬರುವಂತೆ ತೆಗೆದು ಜೋಡಿಸುವುದು ಮೇಲು.

ಅದೇ ದಿನ ರಾತ್ರಿ

ಮನೆಗೆ ಬಂದು ಮಲಗಿಬಿಡುವುದು ದೊಡ್ಡ ನಷ್ಟ. ನಾಳೆ ನೋಡಿದರೆ ನಿಮ್ಮ ಅಕ್ಷರ ನಿಮಗೇ ತಿಳಿಯುವುದಿಲ್ಲ. ಅಳತೆಯ ಹಾಳೆಯನ್ನು ಮೊದಲು ಬಿಡಿಸಿ, ಯಾಕೆಂದರೆ ತ್ರಿಕೋನ ಮುಚ್ಚದಿದ್ದರೆ ತಿಳಿಯುವುದು ಆಗಲೇ. ಆಮೇಲೆ ಊಹೆಯ ಹಾಳೆ ತೆಗೆದು ಬಲಗಡೆ ಪೂರ್ತಿ ಮಾಡಿ.

ಪ್ರತಿ ವಿಷಯದ ಪಕ್ಕದಲ್ಲೂ ಒಂದು ಗುರುತು ಇರಲಿ. ನಾನೇ ಅಳೆದದ್ದಾದರೆ "ಅ", ಕಣ್ಣಾರೆ ಕಂಡದ್ದಾದರೆ "ಕ", ಯಾರೋ ಹೇಳಿದ್ದಾದರೆ "ಹೇ", ಊಹೆಯಾದರೆ "ಊ". ಜೂರಿಯಲ್ಲಿ ಯಾರಾದರೂ ಪ್ರಶ್ನಿಸಿದಾಗ ನಡುಗುವುದು ತಪ್ಪುತ್ತದೆ. "ಇದು ಅಲ್ಲಿಯವರು ಹೇಳಿದ್ದು, ಗೋಡೆಯ ಕಲೆಯೂ ಅಷ್ಟೇ ಎತ್ತರದಲ್ಲಿತ್ತು" ಅನ್ನುವ ವಿದ್ಯಾರ್ಥಿಗೆ ನಾನು ಎದುರು ಮಾತಾಡುವುದಿಲ್ಲ.

ಗುಂಪಿನಲ್ಲಿ ಹೋದರೆ ವಿಷಯ ಹಂಚಿಕೊಳ್ಳಿ, ಆದರೆ ಅಳತೆಯನ್ನು ಒಬ್ಬರ ತಲೆಗೇ ಕಟ್ಟಬೇಡಿ. ಟೇಪ್ ಹಿಡಿಯುವವರು ಜೋರಾಗಿ ಓದಬೇಕು, ಬರೆಯುವವರು ಅದನ್ನೇ ತಿರುಗಿ ಹೇಳಿ ಬರೆಯಬೇಕು. ಹಾಳೆಗಳ ಫೋಟೊ ಅಲ್ಲೇ, ಸೈಟ್ ಬಿಡುವ ಮೊದಲೇ ಎಲ್ಲರ ಫೋನಿಗೂ ಹೋಗಬೇಕು.

ಇಷ್ಟಾದ ಮೇಲೆ "ಊ" ಉಳಿದಿರುವ ಸಾಲುಗಳನ್ನು ಬೇರೆ ಬರೆದುಕೊಳ್ಳಿ. ಅವುಗಳಲ್ಲಿ ಪ್ಲಾನ್‌ನ ಗೆರೆ ಬದಲಿಸುವಂಥವು ಯಾವುವು? ಅವಕ್ಕೆ ಮಾತ್ರ ಎರಡನೇ ಸಲ ಹೋಗಿ, ಅದೂ ಮೊದಲ ಸಲ ಹೋಗದ ಹೊತ್ತಿನಲ್ಲಿ. ಬೆಳಿಗ್ಗೆ ಹೋಗಿದ್ದರೆ ಕತ್ತಲಾದ ಮೇಲೆ. ಬೀದಿದೀಪ ಎಲ್ಲಿವರೆಗೆ ಬೀಳುತ್ತದೆ, ಒಬ್ಬಳೇ ಹುಡುಗಿ ಆ ಗೇಟಿನಿಂದ ಬಸ್‌ಸ್ಟಾಪ್‌ವರೆಗೆ ನಡೆಯಬಹುದಾ, ಪಕ್ಕದ ಜನರೇಟರ್ ಶುರುವಾದರೆ ಎಲ್ಲಿಯವರೆಗೆ ಕೇಳಿಸುತ್ತದೆ ಅನ್ನುವುದೆಲ್ಲ ಆಗಲೇ ತಿಳಿಯುವುದು. ಆ ಸಲ ಟೇಪ್ ಬೇಡ, ಟಾರ್ಚ್ ಮತ್ತು ಜೊತೆಗೆ ಒಬ್ಬರು ಇದ್ದರೆ ಸಾಕು.